ಯುದ್ಧವಿಮಾನದ ಹಿಂದಿನ ಸೀಟಿನ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಯುದ್ಧವಿಮಾನದಲ್ಲಿ ಕೂತು ಅಂತರಿಕ್ಷದ ಅಂಚಿಗೆ ಹೋಗಿಬರುವ ಪ್ರವಾಸದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಲೇಖನ ಓದಿದೆ. ಕಪ್ಪು ಆಕಾಶ, ಬಾಗಿದ ಭೂಮಿ, ಟಿಕೆಟ್ ದರ ಎಲ್ಲಾ ಇತ್ತು. ಹಿಂದಿನ ಸೀಟಿನಲ್ಲಿ ಕೂತವರ ಮೈಗೆ ಏನಾಗುತ್ತದೆ ಅನ್ನೋದು ಮಾತ್ರ ಇರಲಿಲ್ಲ. ವಾಯುಪಡೆಯಲ್ಲಿ ಪೈಲಟ್‌ಗಳ ಹೆಲ್ಮೆಟ್, ಆಕ್ಸಿಜನ್ ಮಾಸ್ಕ್, ಜಿ-ಸೂಟ್ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತನಾದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಬೆಟಗೇರಿಯ ನಮ್ಮ ಓಣಿಯ ಹುಡುಗನೊಬ್ಬ ಆ ಲೇಖನದ ಫೋಟೊ ಮೊಬೈಲ್‌ನಲ್ಲಿ ಹಿಡಿದುಕೊಂಡು ಬಂದ. “ಕಾಕಾ, ಅಪ್ಪಗ ಅರವತ್ತು ತುಂಬತೈತಿ. ಹೇಳದಂಗ ಕರಕೊಂಡು ಹೋಗಿ ಕೂಡಸ್ಬೇಕು ಅಂತ ಮಾಡೇನಿ” ಅಂದ. ಅಪ್ಪ ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವವರು. ಬಿಪಿ, ಶುಗರ್ ಎರಡೂ ಇವೆ. ಮಗನ ಪ್ರೀತಿ ದೊಡ್ಡದು, ಆದರೆ ಆ ‘ಹೇಳದಂಗ’ ಅನ್ನೋದೇ ನನಗೆ ಭಯ ಹುಟ್ಟಿಸಿತು.

2019ರ ಮಾರ್ಚ್‌ನಲ್ಲಿ ಫ್ರಾನ್ಸ್‌ನಲ್ಲಿ ಹೀಗೇ ಆಯಿತು. 64 ವರ್ಷದ ಒಬ್ಬರಿಗೆ ಸಹೋದ್ಯೋಗಿಗಳು ರಫೇಲ್ ಹಾರಾಟದ ಉಡುಗೊರೆ ಕೊಟ್ಟರು. ಮೊದಲೇ ಹೇಳಿರಲಿಲ್ಲ. ಅಂಥ ಆಸೆ ಅವರಿಗೆ ಇರಲೂ ಇಲ್ಲ, ಆದರೆ ಎಲ್ಲರ ಮುಂದೆ ಬೇಡ ಅನ್ನೋದು ಹೇಗೆ? ವೈದ್ಯರು ನೋಡಿದ್ದು ಹಾರುವ ದಿನವೇ. 3 ಜಿಗಿಂತ (ತನ್ನ ತೂಕದ ಮೂರು ಪಟ್ಟಿಗಿಂತ) ಜಾಸ್ತಿ ಒತ್ತಡ ಬೇಡ ಅಂತ ಅವರು ಹೇಳಿದ್ದು ಪೈಲಟ್‌ಗೆ ತಲುಪಲಿಲ್ಲ. ಮೇಲೇರುವಾಗ 3.7 ಜಿ ಬಿತ್ತು. ಅಂದರೆ 70 ಕೆ.ಜಿ. ಮನುಷ್ಯ ಒಮ್ಮೆಲೇ 259 ಕೆ.ಜಿ. ಆದಂತೆ. ವಿಮಾನ ಸಮತಟ್ಟಾಗುತ್ತಿದ್ದಂತೆ ಮೈ ಸೀಟಿನಿಂದ ಮೇಲೆದ್ದಿತು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದರು. ಅದು ಇಜೆಕ್ಷನ್ ಹಿಡಿಕೆ. ಸೀಟಿನ ಸಮೇತ ಹೊರಗೆ ಹಾರಿದರು.

ಜೀವ ಉಳಿಯಿತು. ತನಿಖೆಯಲ್ಲಿ ಬಂದ ವಿವರ ಓದಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಹೆಲ್ಮೆಟ್‌ನ ಗದ್ದದ ಪಟ್ಟಿ ಕಟ್ಟಿರಲಿಲ್ಲ, ಮಾಸ್ಕ್ ಹಾಕಿರಲಿಲ್ಲ, ಸೀಟಿನ ಬೆಲ್ಟ್ ಸಡಿಲ, ಜಿ-ಸೂಟ್ ಸರಿಯಾಗಿ ತೊಟ್ಟಿರಲಿಲ್ಲ. ಒಂದೊಂದೂ ನಮ್ಮ ವಿಭಾಗದವರು ಕೈಯಿಂದ ಮುಟ್ಟಿ ನೋಡುವ ಸಂಗತಿ. ಜಿ-ಸೂಟ್ ಕಾಲು, ಹೊಟ್ಟೆಯನ್ನು ಬಿಗಿಹಿಡಿದು ರಕ್ತ ಕೆಳಗಿಳಿಯದಂತೆ ತಡೆಯುತ್ತದೆ. ಅದು ಸಡಿಲವಿದ್ದರೆ ಕಣ್ಣು ಕತ್ತಲೆ ಬರುತ್ತದೆ.

ಎತ್ತರದ ಮಾತೂ ಇದೆ. ರಷ್ಯಾದ ಝುಕೋವ್‌ಸ್ಕಿಯಿಂದ ಮಿಗ್-25ರಲ್ಲಿ ಹೋದ ಪ್ರವಾಸಿಗರು ಸುಮಾರು 24–25 ಕಿ.ಮೀ. ಮೇಲೇರುತ್ತಿದ್ದರು. ನಾವು ಹುಬ್ಬಳ್ಳಿಯಿಂದ ಹತ್ತುವಂಥ ವಿಮಾನಗಳು ಹೆಚ್ಚೆಂದರೆ 10–12 ಕಿ.ಮೀ.ನಲ್ಲಿ ಹಾರುತ್ತವೆ. ಸುಮಾರು 19 ಕಿ.ಮೀ. ದಾಟಿದರೆ ಗಾಳಿಯ ಒತ್ತಡ ಎಷ್ಟು ಕಡಿಮೆ ಅಂದರೆ, ನಮ್ಮ ಮೈಯ ಬಿಸಿಗೇ ನೀರು ಕುದಿಯುತ್ತದೆ. ಕಾಕ್‌ಪಿಟ್‌ನ ಒತ್ತಡ ಕೈಕೊಟ್ಟರೆ ಕಾಯೋದು ಮೈಸುತ್ತ ಒತ್ತಡ ಹಿಡಿದಿಡುವ ಪ್ರೆಶರ್ ಸೂಟ್ ಒಂದೇ. ಹಾಗಿದ್ದೂ ಇದು ಅಂತರಿಕ್ಷವಲ್ಲ, ಸಾಮಾನ್ಯವಾಗಿ ಒಪ್ಪಿರುವ ಗಡಿ 100 ಕಿ.ಮೀ. ನಿಜವಾಗಿ ಅಂತರಿಕ್ಷಕ್ಕೆ ಹೋಗಿಬಂದದ್ದು ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯ. 2025ರಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅವರ ಜೊತೆ ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೊಳಕೆಯೊಡೆದವು.

ವಯಸ್ಸಾದವರು ಹಾರಲೇಬಾರದು ಅಂತ ನಾನು ಹೇಳುತ್ತಿಲ್ಲ. ಕಲಾಂ ಸಾಹೇಬರು 2006ರಲ್ಲಿ ಪುಣೆಯಿಂದ ಸುಖೋಯ್-30ರಲ್ಲಿ ಹಾರಿದಾಗ ಅವರಿಗೆ 74. ಪ್ರತಿಭಾ ಪಾಟೀಲ್ ಅವರೂ 2009ರಲ್ಲಿ ಅದೇ ವಯಸ್ಸಿನಲ್ಲಿ ಹಾರಿದರು. ಆದರೆ ಅವರು ತಾವಾಗಿ ಒಪ್ಪಿ, ಎಲ್ಲ ತಿಳಿದುಕೊಂಡೇ ಸೀಟು ಹತ್ತಿದವರು.

ದಯವಿಟ್ಟು ಮುಂದಿನ ಪುರವಣಿಯಲ್ಲಿ ಇದನ್ನೂ ಹಾಕಿ. ಬೆಂಗಳೂರಿನಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ, ಅಲ್ಲಿನ ವೈದ್ಯರ ಮಾತು ಕೇಳಿ ಬರೆಸಿ. ಬಿಪಿ, ಬೆನ್ನುನೋವು ಇದ್ದವರು ಏನು ಮಾಡಬೇಕು, ಪರೀಕ್ಷೆ ಎಷ್ಟು ದಿನ ಮೊದಲು ಆಗಬೇಕು, ಕೈ ಎಲ್ಲಿಡಬೇಕು, ಎಲ್ಲಿಡಬಾರದು ಅಂತ ಓದುಗರಿಗೆ ಗೊತ್ತಾಗಲಿ. ಆ ಹುಡುಗನಿಗೆ ಮೊದಲು ಅಪ್ಪನನ್ನು ಕೇಳು, ಆಮೇಲೆ ಡಾಕ್ಟರನ್ನು ಕೇಳು ಅಂತ ಹೇಳಿ ಕಳಿಸಿದ್ದೇನೆ. ನಿಮ್ಮ ಲೇಖನ ಬಂದರೆ ಅದನ್ನೂ ಅವನ ಕೈಗೆ ಕೊಡುತ್ತೇನೆ.

– ನಿವೃತ್ತ ವಾಯುಯೋಧ, ಬೆಟಗೇರಿ, ಗದಗ