ಹಡಗಿನ ತುಕ್ಕು: ಬಣ್ಣ ಬಳಿಯುವ ಮೊದಲೇ ಆಗಬೇಕಾದ ಕೆಲಸ

ಮಾನ್ಯ ಸಂಪಾದಕರೇ,

ತೈಲ ಹೊತ್ತ ಹಡಗೊಂದು ಮುರಿದಾಗಲೆಲ್ಲ ಪತ್ರಿಕೆಗಳ ಬರಹಗಳು ಅದರ ವಯಸ್ಸನ್ನು ದೂರುತ್ತವೆ. ಇಲ್ಲವೇ ತುಕ್ಕು ಹಿಡಿಯದ ಹೊಸ ಲೋಹವೋ ಹೊಸ ಬಣ್ಣವೋ ಬಂದುಬಿಟ್ಟರೆ ತೊಂದರೆ ನೀಗುತ್ತದೆ ಎಂಬ ಭರವಸೆ ಕೊಡುತ್ತವೆ. ಹಡಗುಗಳ ಲೇಪನ ತಪಾಸಣೆಯ ಕೆಲಸದಲ್ಲಿರುವ ನನಗೆ ಈ ಎರಡು ಮಾತುಗಳೂ ಒಪ್ಪಿಗೆಯಾಗುವುದಿಲ್ಲ. ಹಡಗೊಂದು ಎಷ್ಟು ವರ್ಷ ಗಟ್ಟಿಯಾಗಿರುತ್ತದೆ ಎಂಬುದು ಬಹುಮಟ್ಟಿಗೆ ಅದು ನೀರಿಗಿಳಿಯುವ ಮೊದಲೇ, ಬಣ್ಣದ ಮೊದಲ ಪದರ ಬೀಳುವುದಕ್ಕೂ ಮುಂಚೆ, ತೀರ್ಮಾನವಾಗಿರುತ್ತದೆ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಲೋಹದ ವಿಚಾರ. ಸಮುದ್ರದ ನೀರಿನಲ್ಲಿ ಸುಮಾರು ಶೇ 3.5ರಷ್ಟು ಉಪ್ಪಿರುವುದರಿಂದ ಅದರಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಹಾಗಾಗಿ ಅಲ್ಲಿ ಯಾವ ಲೋಹವೂ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಪಕ್ಕದಲ್ಲಿ ಯಾವ ಲೋಹವಿದೆ, ನೀರು ಹರಿಯುತ್ತಿದೆಯೋ ನಿಂತಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಡುಗೆಮನೆಯಿಂದ ಕಾರ್ಖಾನೆಯವರೆಗೆ ಎಲ್ಲೆಡೆ ನಂಬಿಕೆ ಗಳಿಸಿರುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಕೊಳವೆಯ ಜೋಡಣೆ ಸೋರದಂತೆ ಇಡುವ ಗ್ಯಾಸ್ಕೆಟ್ಟಿನ ಅಡಿಯಲ್ಲೋ ಅಂಟಿಕೊಂಡ ಚಿಪ್ಪುಜೀವಿಯ ಅಡಿಯಲ್ಲೋ ಆಮ್ಲಜನಕ ಸಿಗದೆ ತನ್ನ ರಕ್ಷಾಪೊರೆಯನ್ನು ಕಳೆದುಕೊಂಡು, ಹೊರಗೆ ಹೊಳೆಯುತ್ತಲೇ ಒಳಗೆ ಕುಳಿ ಬೀಳುತ್ತದೆ. ಅಲ್ಯೂಮಿನಿಯಂ ಹಗುರವಾದದ್ದು, ಸಮುದ್ರಕ್ಕೆ ತಕ್ಕ ಮಿಶ್ರಲೋಹಗಳೂ ಅದರಲ್ಲಿವೆ; ಆದರೂ ಅಮೆರಿಕದ ನೌಕಾಪಡೆಯ ‘ಇಂಡಿಪೆಂಡೆನ್ಸ್’ ಹಡಗು ಸೇವೆಗೆ ಸೇರಿದ ಮರುವರ್ಷವೇ, 2011ರಲ್ಲಿ, ನೀರನ್ನು ಹಿಂದಕ್ಕೆ ಚಿಮ್ಮಿಸಿ ಹಡಗನ್ನು ಮುಂದೆ ತಳ್ಳುವ ಅದರ ವಾಟರ್‌ಜೆಟ್ ಭಾಗದಲ್ಲಿ ಅಲ್ಯೂಮಿನಿಯಂ ಒಡಲು ಬೇರೆ ಲೋಹದ ಸಂಪರ್ಕದಿಂದ ಕೊರೆದುಹೋಗಿದ್ದು ಪತ್ತೆಯಾಯಿತು.

ಸಾಮಾನ್ಯ ಹಡಗುಗಳ ಒಡಲು ಮಾತ್ರ ಇಂದಿಗೂ ಉಕ್ಕಿನದೇ. ಅದರಲ್ಲಿ ಆಗಿರುವ ಬದಲಾವಣೆಯೊಂದನ್ನು ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಪ್ರತಿ ಚದರ ಮಿಲಿಮೀಟರಿಗೆ 235 ನ್ಯೂಟನ್ ತಾಳುವ ಸಾದಾ ಉಕ್ಕಿನ ಜಾಗದಲ್ಲಿ 355 ನ್ಯೂಟನ್ ತಾಳುವ ಹೆಚ್ಚು ಬಲದ ಉಕ್ಕು ಬಂದ ಮೇಲೆ ತಗಡುಗಳು ತೆಳುವಾದವು. ತುಕ್ಕಿನ ವೇಗ ಮಾತ್ರ ಮೊದಲಿನಷ್ಟೇ ಉಳಿಯಿತು. 20 ಮಿಲಿಮೀಟರ್ ತಗಡಿನಿಂದ 3 ಮಿಲಿಮೀಟರ್ ಸವೆದರೆ ಹೋದದ್ದು ಶೇ 15. 15 ಮಿಲಿಮೀಟರ್ ತಗಡಿನಿಂದ ಅಷ್ಟೇ ಸವೆದರೆ ಶೇ 20. ಬಲವಾದ ಉಕ್ಕು ತುಕ್ಕಿನ ಎದುರು ಬಲವಾದದ್ದಲ್ಲ.

ಸತು ಅಥವಾ ಅಲ್ಯೂಮಿನಿಯಂ ತುಂಡುಗಳನ್ನು ಒಡಲಿಗೆ ಕಟ್ಟಿ, ಅವು ಕರಗುತ್ತ ಉಕ್ಕನ್ನು ಕಾಯುವಂತೆ ಮಾಡುವ ಉಪಾಯ ಹೊಸದೇನಲ್ಲ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳಿಗೆ ಹೊದಿಸಿದ್ದ ತಾಮ್ರದ ಹಾಳೆಗಳಿಗೆ ಕಬ್ಬಿಣ, ಸತುವಿನ ಸಣ್ಣ ತುಂಡುಗಳನ್ನು ಜೋಡಿಸಿ ತಾಮ್ರದ ಸವೆತವನ್ನು ನಿಲ್ಲಿಸಿ ತೋರಿಸಿದರು. ತಾಮ್ರವೇನೋ ಉಳಿಯಿತು, ಆದರೆ ಅದು ಕರಗುವುದು ನಿಂತ ಕೂಡಲೇ ಚಿಪ್ಪುಜೀವಿಗಳನ್ನೂ ಪಾಚಿಯನ್ನೂ ದೂರವಿಡುತ್ತಿದ್ದ ವಿಷವೂ ಇಲ್ಲದಂತಾಗಿ, ಹಡಗಿನ ತಳದಲ್ಲಿ ಅವೇ ದಟ್ಟವಾಗಿ ಬೆಳೆದು ವೇಗ ಕುಗ್ಗಿತು, ನೌಕಾಪಡೆ ಆ ಉಪಾಯವನ್ನೇ ಕೈಬಿಟ್ಟಿತು. ಇಂದಿನ ಉಕ್ಕಿನ ಒಡಲಿಗೂ ಇಂಥದ್ದೇ ಇಕ್ಕಟ್ಟಿದೆ. ನೀರಿನಲ್ಲಿರುವ ಉಕ್ಕಿನ ವಿಭವವನ್ನು, ಅಂದರೆ ಅದರ ವಿದ್ಯುತ್ ಮಟ್ಟವನ್ನು, ಬೆಳ್ಳಿ ಕ್ಲೋರೈಡ್ ಮಾಪಕದಲ್ಲಿ ಅಳೆದಾಗ ಅದು ಋಣ 0.80 ವೋಲ್ಟಿಗೆ ಇಳಿದರೆ ಅದಕ್ಕೆ ರಕ್ಷಣೆ ಸಿಕ್ಕಂತೆ, ಋಣ 1.10 ವೋಲ್ಟಿನ ಆಚೆಗೆ ತಳ್ಳಿದರೆ ಹುಟ್ಟುವ ಹೈಡ್ರೋಜನ್ ಹೆಚ್ಚು ಬಲದ ಉಕ್ಕನ್ನು ಪೆಡಸಾಗಿಸುತ್ತದೆ, ಬಣ್ಣವನ್ನೂ ಎಬ್ಬಿಸುತ್ತದೆ.

ಆನೋಡು ಎಂದು ಕರೆಯುವ ಈ ಕರಗುವ ತುಂಡುಗಳಿಗೆ ಇನ್ನೂ ದೊಡ್ಡ ಮಿತಿಯೊಂದಿದೆ: ಅವು ನೀರಿನಲ್ಲಿ ಮುಳುಗಿದ್ದಾಗ ಮಾತ್ರ ಕೆಲಸ ಮಾಡುತ್ತವೆ. ಹಡಗಿನ ಸಮತೋಲಕ್ಕೆ ಸಮುದ್ರದ ನೀರು ತುಂಬಿಸಿ ಖಾಲಿ ಮಾಡುವ ಬ್ಯಾಲಸ್ಟ್ ಟ್ಯಾಂಕುಗಳು ಅರ್ಧ ಆಯುಷ್ಯವನ್ನು ಒದ್ದೆ ಉಪ್ಪುಗಾಳಿಯಲ್ಲಿ ಕಳೆಯುತ್ತವೆ. ಅದರಲ್ಲೂ ಬಿಸಿಲಿಗೆ ಕಾಯುವ ಡೆಕ್ಕಿನ ಕೆಳಮೈಯನ್ನು ನೀರು ಮುಟ್ಟುವುದೇ ಅಪರೂಪ. ಅಲ್ಲಿ ಉಕ್ಕನ್ನು ಕಾಯಬಲ್ಲದ್ದು ಬಣ್ಣವೊಂದೇ. 1992ರ ಅಂತರರಾಷ್ಟ್ರೀಯ ತಿದ್ದುಪಡಿಯಿಂದ ಹೊಸ ತೈಲ ಹಡಗುಗಳಿಗೆ ಎರಡು ಪದರದ ಒಡಲು ಬಂದಾಗ ಸೋರಿಕೆಯ ಅಪಾಯ ತಗ್ಗಿತು, ನಿಜ. ಆದರೆ ಆ ಎರಡು ಗೋಡೆಗಳ ನಡುವಿನ ಜಾಗವೇ ಬ್ಯಾಲಸ್ಟ್ ಟ್ಯಾಂಕ್ ಆದ್ದರಿಂದ ಬಣ್ಣ ಬೇಡುವ ಮೇಲ್ಮೈ ಬಹಳ ಹೆಚ್ಚಿತು, ಒಳಗಿನ ಸರಕಿನ ಬಿಸಿ ಥರ್ಮಾಸ್ ಫ್ಲಾಸ್ಕಿನಲ್ಲಿ ಇದ್ದಂತೆ ಬೇಗ ಆರದೆ ಉಳಿದು ತುಕ್ಕಿಗೆ ಅನುಕೂಲವನ್ನೂ ಮಾಡಿಕೊಟ್ಟಿತು. 1999ರ ಡಿಸೆಂಬರಿನಲ್ಲಿ ಫ್ರಾನ್ಸಿನ ಬ್ರಿಟನಿ ಕರಾವಳಿಯಾಚೆ ಎರಡು ತುಂಡಾದ ‘ಎರಿಕಾ’ ಹಳೆಯ ಮಾದರಿಯ ಒಂದೇ ಒಡಲಿನ ಹಡಗು. ತನಿಖೆ ಬೆಟ್ಟು ಮಾಡಿದ್ದು ಬ್ಯಾಲಸ್ಟ್ ಟ್ಯಾಂಕಿನ ಸುತ್ತ ತೀವ್ರವಾಗಿ ಸವೆದಿದ್ದ ಉಕ್ಕಿನ ಕಡೆಗೆ. ಅದರ ಪ್ರಮಾಣಪತ್ರಗಳೆಲ್ಲ ಆಗ ಚಾಲ್ತಿಯಲ್ಲೇ ಇದ್ದವು.

ಇಂಥ ಟ್ಯಾಂಕುಗಳಿಗಾಗಿ ಅಂತರರಾಷ್ಟ್ರೀಯ ಕಡಲ ಸಂಘಟನೆ 2006ರ ಡಿಸೆಂಬರಿನಲ್ಲಿ ಅಂಗೀಕರಿಸಿದ ಮಾನದಂಡ 15 ವರ್ಷ ಬಾಳುವ ಲೇಪನವನ್ನು ಗುರಿಯಾಗಿ ಇಟ್ಟುಕೊಂಡಿದೆ. ಎಪಾಕ್ಸಿ ಬಣ್ಣದ ಒಣ ಪದರ 320 ಮೈಕ್ರಾನ್ ಇರಬೇಕೆಂಬ ಅದರ ಷರತ್ತು ಎಲ್ಲರ ಬಾಯಲ್ಲೂ ಇದೆ, ಏಕೆಂದರೆ ಮಾಪಕವನ್ನು ಒತ್ತಿದರೆ ಅಂಕಿ ಕಾಣುತ್ತದೆ. ಅದೇ ಮಾನದಂಡ ಉಕ್ಕಿನ ಅಂಚುಗಳನ್ನು ಕನಿಷ್ಠ 2 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಾಗಿಸಬೇಕು ಅಥವಾ ಮೂರು ಸಲ ಉಜ್ಜಬೇಕು ಎನ್ನುತ್ತದೆ. ಬ್ಲಾಸ್ಟಿಂಗ್ ಆದ, ಅಂದರೆ ಒರಟು ಹರಳುಗಳನ್ನು ರಭಸದಿಂದ ಸಿಡಿಸಿ ಶುಚಿಮಾಡಿದ, ಮೇಲ್ಮೈಯಲ್ಲಿ ಕರಗಬಲ್ಲ ಉಪ್ಪು ಪ್ರತಿ ಚದರ ಮೀಟರಿಗೆ 50 ಮಿಲಿಗ್ರಾಮ್ ಮೀರಬಾರದು ಎನ್ನುತ್ತದೆ. ಗಾಳಿಯ ತೇವಾಂಶ ಶೇ 85 ದಾಟಿದ್ದರೆ, ಅಥವಾ ಉಕ್ಕಿನ ಉಷ್ಣತೆ ಗಾಳಿಯ ತೇವ ಹನಿಗಟ್ಟುವ ಇಬ್ಬನಿ ಬಿಂದುವಿಗಿಂತ 3 ಡಿಗ್ರಿ ಹೆಚ್ಚಿಲ್ಲದಿದ್ದರೆ, ಬಣ್ಣ ಹಚ್ಚಬಾರದು ಎನ್ನುತ್ತದೆ. ಹಸಿ ಬಣ್ಣ ಚೂಪಾದ ಅಂಚಿನಿಂದ ಹಿಂದೆ ಸರಿದು ಅಲ್ಲಿ ತೆಳುವಾಗುತ್ತದೆ. ತುಕ್ಕು ಮೊದಲು ಕಾಣಿಸುವುದೂ ಅಲ್ಲೇ. ಬಣ್ಣದ ಅಡಿಯಲ್ಲಿ ಉಳಿದ ಉಪ್ಪು ಪದರದ ಮೂಲಕ ನೀರನ್ನು ಒಳಗೆಳೆದು ಗುಳ್ಳೆ ಎಬ್ಬಿಸುತ್ತದೆ. ಅಂಚು ಉಜ್ಜುವುದು, ಉಪ್ಪು ಅಳೆಯುವುದು ಬೇಸರದ ಕೆಲಸಗಳು; ಬಣ್ಣ ಬಿದ್ದ ಮೇಲೆ ಅವು ನಡೆದಿದ್ದವೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗುವುದೂ ಇಲ್ಲ.

ಆದ್ದರಿಂದಲೇ ಕೆಲಸ ಹಿಂದೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಇವಕ್ಕೆ. ಉಕ್ಕು ಕತ್ತರಿಸುವಲ್ಲಿ, ಬೆಸೆಯುವಲ್ಲಿ ಕಳೆದ ದಿನಗಳನ್ನು ಬ್ಲಾಸ್ಟಿಂಗ್ ಮತ್ತು ಬಣ್ಣದ ಪಾಳಿಯಿಂದ ಕಡಿದು ಹೊಂದಿಸಿಕೊಳ್ಳುವುದು ಹಡಗುಕಟ್ಟೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಕೊಳವೆಯ ಆಧಾರಗಳನ್ನೂ ಏಣಿಗಳನ್ನೂ ಬಣ್ಣಕ್ಕೆ ಮೊದಲು ಬೆಸೆಯುವಂತೆ ನಕ್ಷೆಯ ಹಂತದಲ್ಲೇ ಯೋಜಿಸದಿದ್ದರೆ ಆಮೇಲೆ ಬಂದ ವೆಲ್ಡಿಂಗ್ ಆ ಜಾಗದ ಬಣ್ಣವನ್ನು ಸುಡುತ್ತದೆ. ಸುಟ್ಟ ಭಾಗ ಒಟ್ಟು ಮೇಲ್ಮೈಯ ಶೇ 2ರೊಳಗಿದ್ದರೆ ಕೈಯಂತ್ರದಿಂದ ಉಜ್ಜಿ ಸರಿಪಡಿಸಲು ಮಾನದಂಡ ಅವಕಾಶ ಕೊಡುತ್ತದೆ, ಮೀರಿದರೆ ಮತ್ತೆ ಬ್ಲಾಸ್ಟಿಂಗ್ ಆಗಬೇಕು. ಆ ಶೇ 2ನ್ನು ಅಳೆಯುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ತಪಾಸಣೆಯ ಕ್ರಮಕ್ಕೆ ಹಡಗುಕಟ್ಟೆ, ಮಾಲೀಕ, ಬಣ್ಣದ ತಯಾರಕ ಮೂವರೂ ಸಹಿ ಹಾಕಬೇಕೆಂಬ ನಿಯಮವಿದೆ. ಸಹಿ ಮೂರಾದರೂ ಗಡುವಿನ ಒತ್ತಡ ಮೂವರಿಗೂ ಒಂದೇ, ಟ್ಯಾಂಕಿನೊಳಗೆ ಇಳಿದು ನೋಡುವವನು ಒಬ್ಬನೇ.

ಹಡಗು ಕೊಳ್ಳುವವರು ಒಪ್ಪಂದದಲ್ಲೇ ಇದನ್ನು ಸರಿಪಡಿಸಬಹುದು. ತಪಾಸಕನನ್ನು ಮಾಲೀಕರೇ ನೇಮಿಸಿ ಅವರೇ ಹಣ ಕೊಡಬೇಕು. ಅಂಚು ಮತ್ತು ಉಪ್ಪಿನ ಪರೀಕ್ಷೆಗಳಿಗೆ ಅವನ ಸಹಿ ಬೀಳುವವರೆಗೆ ಬಣ್ಣದ ಡಬ್ಬಿ ತೆರೆಯುವಂತಿರಬಾರದು. ಉಕ್ಕಿನ ಕೆಲಸಕ್ಕೆ ಕಂತು ಬಿಡುಗಡೆ ಮಾಡುವಂತೆ ಮೇಲ್ಮೈ ಸಿದ್ಧತೆಗೂ ಪ್ರತ್ಯೇಕ ಕಂತು ಇರಬೇಕು. ನಿಯಮದಂತೆ ಹಡಗಿನಲ್ಲೇ ಇರಬೇಕಾದ ಲೇಪನ ದಾಖಲೆಯ ಕಡತವನ್ನು ಹಡಗು ಕೈಬದಲಾದಾಗ ಹೊಸ ಮಾಲೀಕರೂ ವಿಮೆ ಕೊಡುವವರೂ ಕೇಳಿ ಓದಲಿ. ಟ್ಯಾಂಕಿನ ಯಾವ ಮೂಲೆಯಲ್ಲಿ, ಯಾವ ಹವೆಯಲ್ಲಿ, ಎಷ್ಟು ಉಪ್ಪಿನ ಮೇಲೆ ಬಣ್ಣ ಬಿತ್ತೆಂಬುದು ಅದರಲ್ಲಿ ಇರಬೇಕು. ಇಲ್ಲದಿದ್ದರೆ ಬೆಲೆ ಕಟ್ಟುವಾಗ ಆ ಕೊರತೆಯನ್ನೂ ಲೆಕ್ಕಕ್ಕೆ ಹಿಡಿಯಲಿ.

ಇಂತಿ ತಮ್ಮ ವಿಶ್ವಾಸಿ,
ಲೇಪನ ತಪಾಸಣೆಯ ವೃತ್ತಿಯಲ್ಲಿರುವ ಒಬ್ಬ ಓದುಗ