ಗೆಳೆಯನಿಗೊಂದು ಪತ್ರ: ಟನ್ನು ತೂಗಿದರೆ ಬೆಂಕಿ ತಿಳಿಯದು

ಪ್ರೀತಿಯ ಮಾರಾಯಾ,

‘ನೂರು ಕೋಟಿ ಟನ್ ಕಲ್ಲಿದ್ದಲು ತೆಗೆದೆವು ಅಂತಾರೆ, ಮತ್ತೆ ಮಂಗಳೂರಿನ ಪಣಂಬೂರು ಬಂದರಿಗೆ ಹೊರದೇಶದ ಕಲ್ಲಿದ್ದಲಿನ ಹಡಗು ಯಾಕೆ?’ ಅಂತ ಕೇಳಿದ್ದೆಯಲ್ಲ. ಇದೇ ಪ್ರಶ್ನೆ ಇನ್ನೂ ಹತ್ತು ಜನರಿಗಿದೆ, ಅದಕ್ಕೇ ಉತ್ತರವನ್ನು ಇಲ್ಲಿ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

2024-25ರಲ್ಲಿ ನಮ್ಮ ದೇಶದ ಉತ್ಪಾದನೆ ಸುಮಾರು 104.7 ಕೋಟಿ ಟನ್. ಆಮದು 24.4 ಕೋಟಿ ಟನ್. ಅದರ ಹಿಂದಿನ ವರ್ಷ 26.4 ಕೋಟಿ ಇತ್ತು. ಈ ಎರಡು ಅಂಕಿಗಳನ್ನು ಕೂಡಿಸಿ ಕಳೆಯುವುದಕ್ಕೆ ಹೋಗಬೇಡ. ಎರಡೂ ಕಡೆ ಟನ್ ಅಂತಲೇ ಬರೆದಿರುತ್ತಾರೆ, ಆದರೆ ಒಳಗಿರುವ ಸರಕು ಬೇರೆ.

ಒಡಿಶಾದ ಗಣಿಯಿಂದ ಬರುವ ಜಿ-11 ದರ್ಜೆಯ ಕಲ್ಲಿದ್ದಲನ್ನು ತಗೋ. ಕಿಲೋಗೆ 4000ದಿಂದ 4300 ಕಿಲೋ ಕ್ಯಾಲೊರಿ ಶಾಖ, ಬೂದಿ ಶೇಕಡಾ 35-40. ಇಂಡೋನೇಷ್ಯಾದ ಕಾಲಿಮಂಟಾನ್‌ನಿಂದ ಬರುವ ‘4200’ ಮಾಲಿನಲ್ಲಿ ಶಾಖ ಹೆಚ್ಚುಕಮ್ಮಿ ಅಷ್ಟೇ, ಬೂದಿ ಮಾತ್ರ ತೀರಾ ಕಡಿಮೆ. ಬದಲಿಗೆ ತೂಕದ ಮೂರನೇ ಒಂದು ಪಾಲು ನೀರು. ಒಂದರಲ್ಲಿ ಕಲ್ಲು ಹೊರುತ್ತೇವೆ, ಇನ್ನೊಂದರಲ್ಲಿ ನೀರು ಹೊರುತ್ತೇವೆ. ನಮ್ಮ ಕಲ್ಲಿದ್ದಲಿನ ಬೂದಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಕೋಟ್ಯಂತರ ವರ್ಷಗಳ ಹಿಂದಿನ ಗೊಂಡ್ವಾನಾ ಕಾಲದಲ್ಲಿ ನೀರಿನಲ್ಲಿ ತೇಲಿಬಂದ ಗಿಡಮರದ ಜೊತೆ ಜೇಡಿ, ಮರಳು ಕಣಕಣವಾಗಿ ಬೆರೆತುಹೋಗಿದೆ.

ಖರೀದಿ ಕಾಗದ ನೋಡುವಾಗ ಮೊದಲು ಕೇಳಬೇಕಾದದ್ದು, ಜಿಸಿವಿ (ಒಂದು ಕಿಲೋ ಉರಿದರೆ ಸಿಗುವ ಒಟ್ಟು ಶಾಖ) ಯಾವ ಆಧಾರದ ಮೇಲೆ ಎಂದು. ಗಾಳಿಗೆ ಒಣಗಿಸಿದ ಮಾದರಿಯದೋ, ಬಂದು ಬಿದ್ದ ಸ್ಥಿತಿಯದೋ? ಲೆಕ್ಕ ಹೀಗೆ: ಒಣಗಿಸಿದ ಮಾದರಿಯ ಅಂಕಿಯನ್ನು ನೂರರಿಂದ ಒಟ್ಟು ತೇವ ಕಳೆದದ್ದರಿಂದ ಗುಣಿಸು, ನೂರರಿಂದ ಒಳತೇವ (ಗಾಳಿಗೆ ಒಣಗಿಸಿದ ಮೇಲೂ ಉಳಿಯುವ ತೇವ) ಕಳೆದದ್ದರಿಂದ ಭಾಗಿಸು. ಕಾಗದದಲ್ಲಿ 5500, ಒಟ್ಟು ತೇವ 30, ಒಳತೇವ 15 ಅಂತಿದ್ದರೆ, 5500 × 70 ÷ 85. ಬಾಯ್ಲರ್‌ಗೆ ಸಿಗುವುದು ಸುಮಾರು 4530. ಸಾವಿರದಷ್ಟು ಕ್ಯಾಲೊರಿ ಕಾಗದದಲ್ಲೇ ಉಳಿಯಿತು. ಹಣ ಕೊಟ್ಟದ್ದು ಯಾವ ಅಂಕಿಗೆ ಅನ್ನುವುದರ ಮೇಲೆ ನಷ್ಟ ಯಾರದೆಂದು ತೀರ್ಮಾನವಾಗುತ್ತದೆ.

ಹೋಗಲಿ, ಎರಡನ್ನೂ ಬೆರೆಸಿ ಉರಿಸೋಣ ಅಂದರೆ ಅದೂ ಸಲೀಸಲ್ಲ. ಇಂಡೋನೇಷ್ಯಾದ್ದು ಎಳೆಯ ಕಲ್ಲಿದ್ದಲು, ಬೇಗ ಹೊತ್ತಿಕೊಳ್ಳುತ್ತದೆ. ನಮ್ಮ ಮಾಲಿಗೆ ಇಡುವ ಬಿಸಿಯಲ್ಲೇ ಕಲ್ಲಿದ್ದಲು ಪುಡಿ ಮಾಡುವ ಮಿಲ್ ಓಡಿಸಿದರೆ ಪುಡಿ ಮಿಲ್ಲಿನೊಳಗೇ ಹತ್ತಿಕೊಳ್ಳಬಹುದು. ಬಿಸಿ ಇಳಿಸಿದರೆ ನೀರು ಒಣಗುವುದಿಲ್ಲ, ಮಿಲ್ಲಿನ ಉತ್ಪನ್ನ ಇಳಿಯುತ್ತದೆ. ಯಾರ್ಡಿನಲ್ಲೂ ಸುಮ್ಮನೆ ಸುರಿದಿಡುವ ಹಾಗಿಲ್ಲ. ಪದರ ಪದರವಾಗಿ ಹರಡಿ ಬುಲ್ಡೋಜರ್‌ನಿಂದ ಒತ್ತಬೇಕು. ಸಡಿಲ ರಾಶಿಯೊಳಗೆ ಗಾಳಿ ನುಗ್ಗಿದರೆ ಅದು ತಾನಾಗಿ ಕಾಯುತ್ತದೆ. ಹೊಗೆ ಕಂಡ ಜಾಗಕ್ಕೆ ಮೇಲಿಂದ ನೀರು ಚಿಮುಕಿಸಿ ಪ್ರಯೋಜನವಿಲ್ಲ. ಅಗೆದು, ತೆಳ್ಳಗೆ ಹರಡಿ, ಆರಿಸಬೇಕು. ಹಡಗಿನದೂ ಇದೇ ಕಥೆ, 55 ಡಿಗ್ರಿಗಿಂತ ಬಿಸಿಯಾದ ಕಲ್ಲಿದ್ದಲನ್ನು ತುಂಬಿಸಿಕೊಳ್ಳಬಾರದು ಅಂತ ನಿಯಮವಿದೆ.

ಈಗ ನಿನ್ನ ಪಣಂಬೂರಿಗೆ ಬರುತ್ತೇನೆ. ಉಡುಪಿ ಜಿಲ್ಲೆಯ ಎಲ್ಲೂರಿನ 1200 ಮೆಗಾವ್ಯಾಟ್ ಸ್ಥಾವರವನ್ನು ಕಟ್ಟಿದ್ದೇ ಹೊರದೇಶದ ಕಲ್ಲಿದ್ದಲಿಗೆ. ಪೂರ್ವದ ಗಣಿಗಳಿಂದ ರೈಲಿನಲ್ಲಿ ಕರಾವಳಿಗೆ ತರುವುದಕ್ಕಿಂತ ಸಮುದ್ರದ ದಾರಿಯೇ ಸಲೀಸು. ಚೀನಾದಲ್ಲೂ ಇದೇ ನಡೆಯುತ್ತಿದೆ. 2024ರಲ್ಲಿ ಅದು ತೆಗೆದದ್ದು 476 ಕೋಟಿ ಟನ್, ಅಂದರೆ ಜಗತ್ತಿನ ಅರ್ಧಕ್ಕಿಂತ ಹೆಚ್ಚು. ಅದೇ ವರ್ಷ ಆಮದು ಮಾಡಿಕೊಂಡದ್ದು 54 ಕೋಟಿ, ಅದೂ ಜಗತ್ತಿಗೇ ಹೆಚ್ಚು. ಹೆಚ್ಚಿನ ಗಣಿಗಳು ಉತ್ತರದ ಶಾನ್ಸಿ, ಒಳಮಂಗೋಲಿಯಾ ಕಡೆ. ಉರಿಸುವವರು ದಕ್ಷಿಣದ ಗ್ವಾಂಗ್‌ಡಾಂಗ್‌ನಲ್ಲಿ. ದಾತೊಂಗ್‌ನಿಂದ ಚಿನ್‌ಹ್ವಾಂಗ್‌ದಾವ್ ಬಂದರಿಗೆ ರೈಲು, ಅಲ್ಲಿಂದ ಮತ್ತೆ ಹಡಗು. ಅಷ್ಟರಲ್ಲಿ ಕಾಲಿಮಂಟಾನ್‌ನ ಹಡಗು ಅಗ್ಗದಲ್ಲಿ ಬಂದು ನಿಂತಿರುತ್ತದೆ.

ಉಕ್ಕಿನ ಕಲ್ಲಿದ್ದಲಿನ ಲೆಕ್ಕವೇ ಬೇರೆ. ಊದುಕುಲುಮೆಯಲ್ಲಿ ಕೋಕ್ (ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಮಾಡಿದ ಗಟ್ಟಿ ಇಂಧನ) ಬರೀ ಉರಿದರೆ ಸಾಲದು, ಮೇಲಿನ ಅದಿರಿನ ಭಾರವನ್ನು ಪುಡಿಯಾಗದೆ ಹೊರಬೇಕು, ನಡುವೆ ಗಾಳಿಗೆ ದಾರಿಯನ್ನೂ ಬಿಡಬೇಕು. ಜಾರ್ಖಂಡ್‌ನ ಝರಿಯಾದಲ್ಲಿ ಕೋಕ್ ಆಗುವ ಜಾತಿಯ ಕಲ್ಲಿದ್ದಲು ಇದೆ, ಆದರೆ ಬೂದಿ ಹೆಚ್ಚು. ಹಾಗಾಗಿ ತೋರಣಗಲ್ಲಿನ ಉಕ್ಕಿನ ಕುಲುಮೆಗಳೂ ಹಡಗನ್ನೇ ನಂಬಿವೆ. ಆ ಕಲ್ಲಿದ್ದಲು ಬರುವ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನೆರೆ ಬಂದರೆ ಇಲ್ಲಿ ಉಕ್ಕಿನ ದರ ಅಲುಗಾಡುವುದು ಇದರಿಂದಲೇ. ನಮ್ಮ ರಾಜ್ಯಕ್ಕೆ ಈ ಕೊರತೆ ಹಳೆಯದು. 1923ರಲ್ಲಿ ಶುರುವಾದ ಭದ್ರಾವತಿಯ ಕುಲುಮೆ ಮಲೆನಾಡಿನ ಸೌದೆಯ ಇದ್ದಿಲಿನಲ್ಲಿ ಉರಿಯಿತು. ಎಷ್ಟು ಕಾಡು ಅದರ ಬಾಯಿಗೆ ಹೋಗಿರಬೇಡ!

ಬೇರೆ ಕಡೆ ಇಳಿಯುತ್ತಿದೆಯಲ್ಲ ಅಂತೀಯ. ಹೌದು. 1913ರಲ್ಲಿ 29 ಕೋಟಿ ಟನ್ ತೆಗೆದ ಬ್ರಿಟನ್, 2024ರ ಸೆಪ್ಟೆಂಬರ್ 30ರಂದು ರ‍್ಯಾಟ್‌ಕ್ಲಿಫ್‌ನಲ್ಲಿದ್ದ ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಮುಚ್ಚಿತು. ಅಮೆರಿಕದ ಉತ್ಪಾದನೆ 2008ರ ಅರ್ಧಕ್ಕೆ ಬಂದಿದೆ, ಅಗ್ಗದ ನೈಸರ್ಗಿಕ ಅನಿಲದ ಎದುರು ನಿಲ್ಲಲಾಗದೆ. ಜರ್ಮನಿಯ ಕೊನೆಯ ಗಟ್ಟಿ ಕಲ್ಲಿದ್ದಲಿನ ಗಣಿ 2018ರಲ್ಲೇ ಮುಚ್ಚಿತು. ಇವನ್ನು ಒಂದರ ಪಕ್ಕ ಒಂದಿಟ್ಟು ‘ಕಲ್ಲಿದ್ದಲಿನ ಕಾಲ ಮುಗಿಯಿತು’ ಅಂತ ನಾನೂ ಹೇಳಿದವನೇ. ಆದರೆ ರ‍್ಯಾಟ್‌ಕ್ಲಿಫ್ ಆರಿದ ವರ್ಷವೇ ಜಗತ್ತು ಹಿಂದೆಂದೂ ಇಲ್ಲದಷ್ಟು ಕಲ್ಲಿದ್ದಲು ಸುಟ್ಟಿತು. 2022ರಲ್ಲಿ ಐರೋಪ್ಯ ಒಕ್ಕೂಟ ರಷ್ಯಾದ ಕಲ್ಲಿದ್ದಲು ಬೇಡವೆಂದಾಗ ಅದು ಸೋಡಿ ದರದಲ್ಲಿ ಚೀನಾಕ್ಕೂ ನಮಗೂ ಬಂತು. ನಮ್ಮ ಕಡೆ ಬರುತ್ತಿದ್ದ ದಕ್ಷಿಣ ಆಫ್ರಿಕಾದ ಹಡಗುಗಳು ಯುರೋಪಿನ ಕಡೆ ತಿರುಗಿದವು. 2020ರಲ್ಲಿ ಟನ್ನಿಗೆ 50 ಡಾಲರ್‌ಗೆ ಬಿದ್ದಿದ್ದ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಬಂದರಿನ ಕಲ್ಲಿದ್ದಲಿನ ದರ ಆಗ 400 ದಾಟಿತ್ತು. 2022ರ ಜನವರಿಯಲ್ಲಿ, ತನ್ನ ಸ್ಥಾವರಗಳಿಗೇ ಸಾಲದೆಂದು ಇಂಡೋನೇಷ್ಯಾ ರಫ್ತನ್ನೇ ನಿಲ್ಲಿಸಿತ್ತು.

ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲಿ ಹೇಳಬೇಕೆಂದುಕೊಂಡಿರಲಿಲ್ಲ. ರಾಯಚೂರಿನ ಶಕ್ತಿನಗರ ಸ್ಥಾವರದ ಒಂದು 210 ಮೆಗಾವ್ಯಾಟ್ ಘಟಕ ದಿನಪೂರ್ತಿ ಓಡಿದರೆ ಸುಮಾರು 3500 ಟನ್ ತಿನ್ನುತ್ತದೆ, ಹತ್ತಿರ ಹತ್ತಿರ ಒಂದು ರೇಕ್, ಅಂದರೆ ಒಂದು ಇಡೀ ಗೂಡ್ಸ್ ರೈಲು. ಎಂಟೂ ಘಟಕ ಓಡಿದರೆ ದಿನಕ್ಕೆ ಏಳೆಂಟು ರೇಕ್, ಉಳಿಯುವ ಬೂದಿಯೇ ಹತ್ತು ಸಾವಿರ ಟನ್ ಆಸುಪಾಸು. ಒಂದೊಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚುಕಮ್ಮಿ ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ಇಷ್ಟೆಲ್ಲ ಗೊತ್ತಿದ್ದೂ, ಯಾರ್ಡಿನಲ್ಲಿ ಎರಡೇ ದಿನದ ದಾಸ್ತಾನು ಅಂತ ಓದಿದರೆ ಎದೆ ಧಸಕ್ಕೆನ್ನುತ್ತದೆ; ತೆಲಂಗಾಣದ ಸಿಂಗರೇಣಿ ಗಣಿಯಿಂದ ರೇಕ್ ಬಂತು ಅಂದರೆ ನೆಮ್ಮದಿ. 2022ರ ಏಪ್ರಿಲ್‌ನಲ್ಲಿ ಕಲ್ಲಿದ್ದಲಿಗೆ ದಾರಿ ಬಿಡಲೆಂದು ಪ್ರಯಾಣಿಕರ ರೈಲುಗಳ ನೂರಾರು ಓಡಾಟ ರದ್ದಾದವು. ಆ ರೈಲಿಗಾಗಿ ನಿಲ್ದಾಣದಲ್ಲಿ ಕಾದವರ ಮುಖ ಆಗ ನನ್ನ ಕಣ್ಣ ಮುಂದೆ ಬರಲೇ ಇಲ್ಲ. ಮಾಡಿದ್ದು ಸರಿ ಅಂತಲೇ ಅನ್ನಿಸಿತ್ತು. ಈಗ ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ. ಈ ಸರಕು ಬೇಗ ಮುಗಿಯಲಿ ಅಂತ ಬಯಸುವವನೂ ನಾನೇ, ಇವತ್ತಿನ ರೇಕ್ ತಪ್ಪದಿರಲಿ ಅಂತ ಬಯಸುವವನೂ ನಾನೇ.

ಸರಿ ಬಿಡು, ಪತ್ರ ಭಾರವಾಯಿತು. ಮುಂದಿನ ಸಲ ಆಮದಿನ ಪಟ್ಟಿ ಕೈಗೆ ಸಿಕ್ಕರೆ ಮೂರು ಕಾಲಂ ನೋಡು: ಉಕ್ಕಿನದೆಷ್ಟು, ಕರಾವಳಿ ಸ್ಥಾವರಗಳದೆಷ್ಟು, ಬೆರೆಸಲು ತಂದದ್ದೆಷ್ಟು. ಮೂರನೆಯದು ಮಾತ್ರ ನಮ್ಮ ಗಣಿಗಳಿಂದ ಸುಲಭವಾಗಿ ಇಳಿಯುವಂಥದು. ಅಪ್ಪೆಮಿಡಿ ಭರಣಿ ತಲುಪಿದ ಕೂಡಲೇ ತಿಳಿಸು, ಒಟ್ಟು ತೇವ ಎಷ್ಟೆಂದು ನೋಡಿಯೇ ರಶೀದಿ ಕೊಡುತ್ತೇನೆ.

ನಿನ್ನವ