ನಮ್ಮ ಸರದಿ ಬರುವಷ್ಟರಲ್ಲಿ ಅಭ್ಯರ್ಥಿ ನಿಗದಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಹೈಕಮಾಂಡ್ ಹೇರುವುದಿಲ್ಲ, ಮತದಾರರೇ ಆರಿಸುತ್ತಾರೆ ಎಂದು ಮೆಚ್ಚಿ ಬರೆದ ನಿಮ್ಮ ಲೇಖನ ಓದಿದೆ. ಮಾತು ಸುಳ್ಳಲ್ಲ. ಆದರೆ ಯಾವ ಮತದಾರರು ಎಂಬುದನ್ನೂ ಹೇಳಬೇಕಿತ್ತು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ, ಅಂದರೆ ಪ್ರೈಮರಿ, ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ದಿನ ನಡೆಯುತ್ತದೆ. ನಾನಿರುವ ನ್ಯೂಜೆರ್ಸಿಯಲ್ಲಿ ಅದು ನಡೆಯುವುದು ಜೂನ್‌ನಲ್ಲಿ. 2024ರಲ್ಲಿ ನಮ್ಮ ಮತದಾನ ಜೂನ್ 4ಕ್ಕೆ. ಬೈಡನ್, ಟ್ರಂಪ್ ಇಬ್ಬರೂ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಗೆ ಮತ ಹಾಕುವ ಪ್ರತಿನಿಧಿಗಳನ್ನು ಬೇಕಾದಷ್ಟು ಮಾರ್ಚ್ 12ಕ್ಕೇ ಗಳಿಸಿಕೊಂಡಿದ್ದರು. ಊಟ ಮುಗಿದ ಮೇಲೆ ಎಲೆ ಹಾಕಿದಂತೆ!

2016ರದು ಇನ್ನೂ ತಮಾಷೆ. ಜೂನ್ 7ರಂದು ಮತಗಟ್ಟೆಗೆ ಹೋದರೆ ರಿಪಬ್ಲಿಕನ್ ಮತಪತ್ರದಲ್ಲಿ ಟ್ರಂಪ್ ಜೊತೆಗೆ ಕ್ರೂಜ್, ಕೇಸಿಕ್ ಹೆಸರುಗಳೂ ಇದ್ದವು. ಇಬ್ಬರೂ ಮೇ ಮೊದಲ ವಾರದಲ್ಲೇ ಕಣದಿಂದ ಹಿಂದೆ ಸರಿದವರು. ನನ್ನ ಹೆಂಡತಿ ಕೇಸಿಕ್‌ಗೇ ಮತ ಹಾಕಿ ಬಂದಳು. ಯಾಕೆಂದು ಕೇಳಿದ್ದಕ್ಕೆ, "ಗೆಲ್ಲುವವರಿಗೆ ನನ್ನ ಮತ ಬೇಕಾಗಿಲ್ಲವಲ್ಲ" ಎಂದಳು. ರಾಜ್ಯದ 51 ಪ್ರತಿನಿಧಿಗಳೂ ಟ್ರಂಪ್ ಪಾಲಾದರು. ಇಲ್ಲಿ ರಿಪಬ್ಲಿಕನ್ನರ ನಿಯಮವೇ ಹಾಗೆ, ಗೆದ್ದವರಿಗೆ ಪೂರ್ತಿ. ಡೆಮಾಕ್ರಟಿಕ್ ಕಡೆಯಲ್ಲಿ, ನಾವು ಮತ ಹಾಕುವ ಹಿಂದಿನ ಸಂಜೆಯೇ ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಸಂಸ್ಥೆ ಹಿಲರಿ ಕ್ಲಿಂಟನ್‌ಗೆ ಪ್ರತಿನಿಧಿಗಳ ಬಹುಮತ ಸಿಕ್ಕಿತೆಂದು ಸಾರಿಬಿಟ್ಟಿತು. ಆ ಲೆಕ್ಕದಲ್ಲಿ ಸೂಪರ್ ಡೆಲಿಗೇಟ್‌ಗಳೂ ಸೇರಿದ್ದರು. ಅಂದರೆ, ಪ್ರೈಮರಿಯ ಫಲಿತಾಂಶ ಏನೇ ಇರಲಿ, ಪಕ್ಷದ ಸಮಾವೇಶದಲ್ಲಿ ತಮಗಿಷ್ಟ ಬಂದವರಿಗೆ ಮತ ಹಾಕಬಹುದಾಗಿದ್ದ ಮುಖಂಡರು. ಇದಕ್ಕೆ ಹೈಕಮಾಂಡ್ ಎನ್ನದೆ ಇನ್ನೇನನ್ನಬೇಕು? ಪೈಪೋಟಿ ಇರುವಾಗ ಸಮಾವೇಶದ ಮೊದಲ ಸುತ್ತಿನಲ್ಲಿ ಅವರು ಮತ ಹಾಕುವಂತಿಲ್ಲ ಎಂದು ಪಕ್ಷ 2018ರಲ್ಲಿ ನಿಯಮ ಬದಲಿಸಿತು, ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು.

ಸರದಿಯನ್ನು ಬದಲಿಸಲು ಆಗುವುದಿಲ್ಲ ಎಂದೇನಿಲ್ಲ. 2008ರಲ್ಲಿ ನ್ಯೂಜೆರ್ಸಿ ಫೆಬ್ರುವರಿ 5ಕ್ಕೇ ಮತದಾನ ನಡೆಸಿತ್ತು. ಕ್ಲಿಂಟನ್, ಒಬಾಮ ಇಬ್ಬರಿಗೂ ಅಂದು ನಮ್ಮ ಮತ ಬೇಕಿತ್ತು. ಆಮೇಲೆ ಪ್ರತ್ಯೇಕ ಚುನಾವಣೆಯ ಖರ್ಚು ಉಳಿಸಲೆಂದು ರಾಜ್ಯವೇ ಜೂನ್‌ಗೆ ಮರಳಿತು. ನ್ಯೂ ಹ್ಯಾಂಪ್‌ಶೈರ್ ಹಾಗಲ್ಲ. ದೇಶದ ಮೊದಲ ಪ್ರೈಮರಿ ತನ್ನದೇ ಆಗಿರಬೇಕೆಂದು ಕಾನೂನನ್ನೇ ಮಾಡಿಕೊಂಡಿದೆ. ಇಂಥವರು ತಾವಾಗಿ ಜಾಗ ಬಿಡುವುದಿಲ್ಲ, ಎರಡೂ ಪಕ್ಷಗಳು ಸೇರಿ ರಾಜ್ಯಗಳ ಸರದಿಯನ್ನು ನಾಲ್ಕು ವರ್ಷಕ್ಕೊಮ್ಮೆ ತಿರುಗಿಸಬೇಕು.

ಮುಂದಿನ ಬಾರಿ 'ಮತದಾರರು ಆರಿಸಿದರು' ಎಂದು ಬರೆಯುವಾಗ, ಆ ದಿನಕ್ಕೆ ಇನ್ನೆಷ್ಟು ರಾಜ್ಯಗಳ ಮತದಾನ ಬಾಕಿ ಇತ್ತು ಎಂಬುದನ್ನೂ ದಯವಿಟ್ಟು ಒಂದು ಸಾಲಿನಲ್ಲಿ ಸೇರಿಸಿ.

— ನಿಮ್ಮ ಹಳೆಯ ಓದುಗ, ಎಡಿಸನ್, ನ್ಯೂಜೆರ್ಸಿ